ಕೂಸಿನ ಕೋಣೆಯ ಸುದೀಪ

ಮೊರಬದ ಸುದೀಪ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಕೂಸು ಆಡಿಸುವ ಕೆಲಸಕ್ಕೆ ಸೇರಿದ. ಕೇಳಿದವರು ಈಗಲೂ ನಗುತ್ತಾರೆ. ಆಗ ನಾವೂ ನಕ್ಕಿದ್ದೆವು.

ನಾನು ನವಲಗುಂದದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಹುಬ್ಬಳ್ಳಿಯಿಂದ ದಿನಾ ಬಸ್ಸಿಗೆ ಬಂದು ಹೋಗುವವಳು. ಸುದೀಪ ನನ್ನ ತರಗತಿಯ ಹುಡುಗ. ಬಂದ ದಿನ ಮನಸ್ಸಿಟ್ಟು ಕೇಳುತ್ತಿದ್ದ, ಆದರೆ ಬರುವ ದಿನಗಳೇ ಕಡಿಮೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಅವನ ಜಾಗ ಖಾಲಿ; ಕಡಲೆ ಒಕ್ಕುವ ಕಾಲ ಬಂತೆಂದರೆ ಮತ್ತೆ ಖಾಲಿ. ಕರೆದು ಕೇಳಿದರೆ, "ಅಂಡಿಗಿ ಏರಸಾಕ ಹೋಗಿದ್ನಿರಿ ಮೇಡಂ," ಎಂದು ನೆಲ ನೋಡುತ್ತಿದ್ದ. ಹತ್ತಿ ತುಂಬಿದ ದೊಡ್ಡ ಚೀಲಗಳನ್ನು, ಅಂದರೆ ಅಂಡಿಗೆಗಳನ್ನು ಲಾರಿಗೆ ಏರಿಸುವ ಕೂಲಿ ಅದು. ಪುಸ್ತಕ, ಪರೀಕ್ಷೆಯ ಫೀ ಎಲ್ಲ ಅದರಲ್ಲೇ ಆಗಬೇಕಿತ್ತು. ಕೂಲಿಗೆ ಹೋದರೆ ಹಾಜರಿ ಸಾಲದು, ಹೋಗದಿದ್ದರೆ ಫೀ ಕಟ್ಟಲಾಗದು. ಹೀಗೆ ಸಿಕ್ಕಿಕೊಂಡವರು ನಮ್ಮಲ್ಲಿ ಅವನೊಬ್ಬನೇ ಅಲ್ಲ.

ಇದನ್ನೆಲ್ಲ ನೋಡಿಯೇ ನಮ್ಮ ಪ್ರಿನ್ಸಿಪಾಲ್ ರಾಜೇಶ್ವರಿ ಮೇಡಂ ಹಳೆಯ ವಿದ್ಯಾರ್ಥಿಗಳ ಸಂಘದ ಬೆನ್ನು ಹತ್ತಿದರು. ಊರಲ್ಲಿ ಕಾಳುಕಡ್ಡಿ ಕೊಳ್ಳುವ ಅಡತಿ ಅಂಗಡಿಗಳವರನ್ನು, ನೌಕರಿಯಲ್ಲಿದ್ದವರನ್ನು ಒಬ್ಬೊಬ್ಬರನ್ನೇ ಕಂಡು ಮಾತಾಡಿ, ಕಾಲೇಜಿನೊಳಗೇ ಹುಡುಗರಿಗೆ ಕೆಲಸ ಕೊಡುವ ಏರ್ಪಾಡು ಮಾಡಿಸಿದರು. ತರಗತಿ ಇಲ್ಲದ ವೇಳೆಯಲ್ಲಿ ದುಡಿಯುವುದು, ತಿಂಗಳ ಕೊನೆಗೆ ಪಗಾರ ನೇರವಾಗಿ ಬ್ಯಾಂಕಿನ ಖಾತೆಗೆ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಕಂಪ್ಯೂಟರ್ ಕೋಣೆ ನೋಡಿಕೊಳ್ಳುವುದು, ಗಿಡಗಳಿಗೆ ನೀರು ಬಿಡುವುದು, ಆಫೀಸಿನ ಝೆರಾಕ್ಸ್ ಯಂತ್ರ ನಡೆಸುವುದು, ಹೀಗೆ ಕೆಲವು ಕೆಲಸ. ನೋಟಿಸು ಹಚ್ಚಿದ ವಾರದಲ್ಲೇ ಎಲ್ಲ ತುಂಬಿಹೋದವು. ಉಳಿದದ್ದು ಒಂದೇ.

ಆ ಒಂದರ ಕತೆ ಹೇಳಬೇಕು. ನಮ್ಮ ಕಡೆ ಓದುವ ನಡುವೆಯೇ ಮದುವೆಯಾಗುವ ಹುಡುಗಿಯರು ಬಹಳ. ಮದುವೆಯ ಮರುವರ್ಷ ಕೂಸು. ಕೂಸಾದ ಮೇಲೆ ಎಷ್ಟೋ ಜನ ಕಾಲೇಜಿನ ಕಡೆ ತಲೆ ಹಾಕುವುದಿಲ್ಲ. ಹಟ ಹಿಡಿದು ಬಂದವರ ಹಿಂದೆ ತಾಯಿಯೋ ಅತ್ತೆಯೋ ಕೂಸನ್ನೆತ್ತಿಕೊಂಡು ಬಂದು, ಅಂಗಳದ ಬೇವಿನ ಗಿಡದ ಕೆಳಗೆ ಸಂಜೆಯವರೆಗೂ ಕೂರುತ್ತಿದ್ದರು. ಪಾಠ ನಡೆದಿರುವಾಗ ಹೊರಗೆ ಅಳು ಕೇಳಿದರೆ ಮೂರು ನಾಲ್ಕು ಹುಡುಗಿಯರ ತಲೆ ಒಟ್ಟಿಗೇ ಕಿಟಕಿಯತ್ತ ತಿರುಗುತ್ತಿತ್ತು. ದನಿಯ ಮೇಲೇ ಯಾರ ಕೂಸೆಂದು ತಿಳಿದು, ಒಬ್ಬಳು ಮಾತ್ರ ಎದ್ದು ಹೋಗುತ್ತಿದ್ದಳು. ಉಳಿದವರು ಮತ್ತೆ ಬರೆಯತೊಡಗುತ್ತಿದ್ದರು, ಆದರೆ ಅವರ ಅರ್ಧ ಕಿವಿ ಹೊರಗೇ ಇರುತ್ತಿತ್ತು. ಅವರಿಗಾಗಿ ರಾಜೇಶ್ವರಿ ಮೇಡಂ ಆಟದ ಸಾಮಾನು ತುಂಬಿದ್ದ ಒಂದು ಕೋಣೆ ಖಾಲಿ ಮಾಡಿಸಿ ಸುಣ್ಣ ಹೊಡೆಸಿದರು. ಪ್ಯೂನ್ ಗುಲಾಮಹುಸೇನನ ಮನೆಯಲ್ಲಿ ಜಮಖಾನ ನೇಯುತ್ತಾರೆ. ಅವನು ಒಂದು ದೊಡ್ಡ ಜಮಖಾನ ತಂದು ಹಾಸಿಕೊಟ್ಟ. ಸೂರಿನ ಕೊಂಡಿಗಳಿಗೆ ಹಳೆಯ ಸೀರೆ ಕಟ್ಟಿ ಕೂಸು ತೂಗುವ ಜೋಳಿಗೆಗಳನ್ನು ಮಾಡಿದರು. ಕೂಸು ನೋಡಿಕೊಳ್ಳಲು ಒಬ್ಬ ವಿದ್ಯಾರ್ಥಿನಿ ಬೇಕು ಎಂದು ನೋಟಿಸಿನಲ್ಲಿ ಸೇರಿಸಿದರು. ಒಬ್ಬಳೂ ಮುಂದೆ ಬರಲಿಲ್ಲ. "ಮನ್ಯಾಗೂ ಅದನ ಮಾಡ್ತೇವ್ರಿ, ಇಲ್ಲೂ ಅದನ ಏನ್ರಿ?" ಎಂದು ಒಬ್ಬ ಹುಡುಗಿ ನನ್ನನ್ನೇ ಕೇಳಿದಳು. ಅದೂ ನಿಜವೇ.

ಸುದೀಪ ಬಂದದ್ದು ಆ ಮೇಲೆ. ಮುಂಗಾರು ಬಿತ್ತನೆಯ ಕೂಲಿ ಮುಗಿಸಿ ಬರುವಷ್ಟರಲ್ಲಿ ಬೇರೆ ಕೆಲಸಗಳೆಲ್ಲ ಹೋಗಿದ್ದವು. ಪ್ರಿನ್ಸಿಪಾಲರ ಕೋಣೆಯಲ್ಲಿ ನಾನೂ ಇದ್ದೆ.

"ಕೂಸಿನ ಕೋಣಿ ಕೆಲಸ ಯಾರೂ ಹಿಡದಿಲ್ಲಂತಲ್ರಿ ಮೇಡಂ. ನಾ ಮಾಡ್ತೀನ್ರಿ."

ರಾಜೇಶ್ವರಿ ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. "ನೀನಾ? ಕೂಸು ಎತ್ತಿ ರೂಢಿ ಐತೇನಪಾ?"

"ನಮ್ಮ ದುರ್ಗಾನ್ನ ನಾನ ಬೆಳಸೇನ್ರಿ."

ನಾವಿಬ್ಬರೂ ನಕ್ಕೆವು. ಅವನು ನಗಲಿಲ್ಲ. ಆಗ ಕೂರಿಸಿ ಕೇಳಿದಾಗ ಹೇಳಿದ.

ಅವನ ತಂಗಿ ದುರ್ಗಾ ಹುಟ್ಟಿದಾಗ ಅವನು ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದ. ತಂದೆ ಹುಚ್ಚಪ್ಪ ಗೋವಾದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದ. ಅಳ್ನಾವರದ ಮೇಲೆ ಹೋಗುವ ರೈಲು ಹತ್ತಿದನೆಂದರೆ ಮತ್ತೆ ಹಬ್ಬಕ್ಕೋ ಸಾವಿಗೋ ಬರುವವನು. ತಾಯಿ ತಾಯವ್ವ ಬಾಣಂತನ ಮುಗಿಯುತ್ತಲೇ ಕಳೆ ತೆಗೆಯಲು ಹೊಲಕ್ಕೆ ಹೋದಳು. ಮನೆಯಲ್ಲಿ ಮತ್ಯಾರೂ ಇಲ್ಲ. ಸುದೀಪ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದ. ಅಲ್ಲಿಯ ಅಕ್ಕೋರು ಒಳ್ಳೆಯವರು, ಹಿಂದಿನ ಗೋಡೆಯ ಹತ್ತಿರ ಚಾಪೆ ಹಾಸಿ ಮಲಗಿಸಲು ಬಿಡುತ್ತಿದ್ದರು. ಮಧ್ಯಾಹ್ನದ ಬಿಸಿಯೂಟದ ಅನ್ನವನ್ನು ಕಿವುಚಿ ತಿನ್ನಿಸಿದ್ದು, ಜ್ವರ ಬಂದಾಗ ಹೊಲದವರೆಗೆ ಹೊತ್ತುಕೊಂಡು ಓಡಿದ್ದು, ಎಲ್ಲ ಅವನೇ. "ಅಕಿ ಮೊದಲ ಮಾತು ಅವ್ವಾ ಅಂತ ಅಲ್ರಿ, ಅಣ್ಣಾ ಅಂತ," ಎಂದು ಹೇಳುವಾಗ ಮಾತ್ರ ಅವನ ಮುಖ ಅರಳಿತು.

"ನಾಳಿಂದ ಬಾ," ಎಂದರು ರಾಜೇಶ್ವರಿ ಮೇಡಂ.

ಮೊದಮೊದಲು ಕಷ್ಟವೇ ಆಯಿತು. ಹುಡುಗಿಯರು ಒಪ್ಪಿದರು, ಒಂದೆರಡು ದಿನ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ನೆಮ್ಮದಿಯಿಂದ ಕೂಸು ಕೊಟ್ಟು ಹೋಗತೊಡಗಿದರು. ಅವನಿಗೆ ತರಗತಿ ಇದ್ದಾಗ ಬಿಡುವಿದ್ದ ತಾಯಿಯೊಬ್ಬಳು ಕೋಣೆಯಲ್ಲಿ ಕೂರುತ್ತಿದ್ದಳು. ಒಪ್ಪದವರು ಮುದುಕಿಯರು. ಅವರಲ್ಲಿ ಮುಖ್ಯಳಾದವಳು ಮಹಾದೇವಕ್ಕ.

ಮಹಾದೇವಕ್ಕ ಅಣ್ಣಿಗೇರಿ ಹಾದಿಯ ಒಂದು ಹಳ್ಳಿಯವಳು, ಹೊಲಮನೆ ಇದ್ದ ಕುಳ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮಗ ಈರೇಶ ಹೊಲ ನೋಡಿಕೊಳ್ಳುತ್ತಿದ್ದ. ಸೊಸೆ ರೋಹಿಣಿ ನನ್ನ ವಿದ್ಯಾರ್ಥಿನಿ, ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಸೊಸೆ ಓದು ಬಿಡುತ್ತೇನೆ ಎಂದಾಗ ಬೈದು ಕಾಲೇಜಿಗೆ ಹೊರಡಿಸಿದವಳು ಈ ಅತ್ತೆಯೇ. ಮೊಮ್ಮಗಳು ಶಿವಾನಿ ಆಗ ಇನ್ನೂ ಕುತ್ತಿಗೆ ನಿಲ್ಲುತ್ತಿದ್ದ ಕೂಸು. ಅದನ್ನು ಸೆರಗಿನೊಳಗೆ ಸುತ್ತಿಕೊಂಡು, ಮಂಡಿ ನೋವು ಕಟ್ಟಿಕೊಂಡು ದಿನಾ ಸೊಸೆಯ ಜೊತೆ ಬಸ್ಸು ಹತ್ತುತ್ತಿದ್ದಳು.

"ಕೋಣಿಯೊಳಗ ಬರ್ರಿ ಯಮ್ಮಾ, ಫ್ಯಾನ್ ಐತಿ," ಎಂದು ಸುದೀಪ ಕರೆದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಗಂಡ್ಹುಡುಗನ ಕೈಯಾಗ ಕೂಸಾ? ಯಾ ಊರು ತಮ್ಮಾ ನಿಂದು? ಯಾರ ಪೈಕಿ?"

"ಮೊರಬ ರಿ. ಅಂಬೇಡ್ಕರ್ ಓಣ್ಯಾಗ ಅದೇವ್ರಿ."

ಮಹಾದೇವಕ್ಕ ಕೂಸಿನ ಮೇಲೆ ಸೆರಗನ್ನು ಇನ್ನಷ್ಟು ಎಳೆದುಕೊಂಡು ಬೇವಿನ ಗಿಡದ ಕಡೆ ನಡೆದಳು. ಸುದೀಪ ಒಳಗೆ ಅಳುತ್ತಿದ್ದ ಬೇರೊಂದು ಕೂಸನ್ನು ಎತ್ತಿಕೊಂಡ. ಸಂಜೆ ಬಸ್ ನಿಲ್ದಾಣದಲ್ಲಿ ನಾನು ಈ ಮಾತು ತೆಗೆದಾಗ, "ಇರಲಿ ಬಿಡ್ರಿ ಮೇಡಂ, ಕೂಸು ಅವರದು," ಎಂದಷ್ಟೇ ಹೇಳಿದ. ಆದರೆ ಮೊರಬದ ಬಸ್ಸು ಬರುವವರೆಗೂ ರಸ್ತೆಯನ್ನೇ ನೋಡುತ್ತ ನಿಂತ.

ಹಲವು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಮೋಡ ಕವಿದು ಮಳೆ ಜೋರಾಗಿ ಹಿಡಿಯಿತು. ಅಂಗಳದ ಎರೆಮಣ್ಣು ಕಲಸಿ ಅಂಟಾಯಿತು. ಮಹಾದೇವಕ್ಕ ಚಪ್ಪಲಿಗೆ ಮೆತ್ತಿದ ಮಣ್ಣು ಎಳೆಯುತ್ತ ಪಡಸಾಲೆಗೆ ಬಂದು, ಕೂಸಿನ ಕೋಣೆಯ ಹೊಸ್ತಿಲ ಹತ್ತಿರ ಕುಳಿತಳು. ಶಿವಾನಿ ಬೆಳಗಿನಿಂದ ಅಳುತ್ತಿತ್ತು. ರೋಹಿಣಿ ಪರೀಕ್ಷೆಯಲ್ಲಿದ್ದಳು, ಏಳುವಂತಿರಲಿಲ್ಲ. ಅಜ್ಜಿ ತೊಡೆಯ ಮೇಲೆ ಹಾಕಿ ತಟ್ಟಿದಳು, ಹೆಗಲಿಗೆ ಹಾಕಿದಳು, ಹಾಡಿದಳು. ಅಳು ನಿಲ್ಲಲಿಲ್ಲ.

"ಯಮ್ಮಾ, ಹೊಟ್ಟಿ ಬಿಗದಂಗ ಕಾಣ್ತೈತ್ರಿ," ಎಂದ ಸುದೀಪ ಒಳಗಿನಿಂದಲೇ. "ಮುಂಗೈ ಮ್ಯಾಲೆ ಬೋರಲ ಹಾಕ್ಕೊಂಡು ಬೆನ್ನು ನೀವಿ ನೋಡ್ರಿ."

ಅವಳು ಹಾಗೆ ಮಾಡಲು ನೋಡಿದಳು. ಸಂಧಿವಾತದ ಕೈ, ಮಣಿಕಟ್ಟು ನಿಲ್ಲಲಿಲ್ಲ. ಇನ್ನೊಮ್ಮೆ ನೋಡಿದಳು. ಪಡಸಾಲೆಯ ಆಚೆ ತುದಿಯಲ್ಲಿ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತ್ತು. ಅದನ್ನು ನೋಡಿದಳು, ಮಳೆಯನ್ನು ನೋಡಿದಳು, ಮುಖ ಕೆಂಪಾಗಿ ಚೀರುತ್ತಿದ್ದ ಮೊಮ್ಮಗಳನ್ನು ನೋಡಿದಳು. ಕೊನೆಗೆ ಕೈ ಮುಂದೆ ಚಾಚಿ, "ಹಿಡಿ ತಮ್ಮಾ," ಎಂದಳು.

ಸುದೀಪ ಕೂಸನ್ನು ಮುಂಗೈ ಮೇಲೆ ಮಲಗಿಸಿಕೊಂಡು, ಗಲ್ಲವನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬೆನ್ನು ನೀವುತ್ತ ಕೋಣೆಯ ಉದ್ದಕ್ಕೂ ಸುತ್ತು ಹಾಕಿದ. ಸ್ವಲ್ಪ ಹೊತ್ತಿಗೆ ಕೂಸು ಸಣ್ಣಗೆ ನರಳಿತು, ಹೊಟ್ಟೆ ಸಡಿಲಿಸಿತು, ಅವನ ಅಂಗಿ ಕೆಡಿಸಿತು, ಹಾಗೇ ನಿದ್ದೆ ಹೋಯಿತು. ಅಜ್ಜಿ ಹೊಸ್ತಿಲಲ್ಲೇ ಕುಳಿತು ನೋಡುತ್ತಿದ್ದಳು. ಅವನು ಹಿಂದಕ್ಕೆ ಕೊಡಲು ಬಂದಾಗ, "ಎಚ್ಚರಾದೀತು. ಅಲ್ಲೇ ಹಾಕು," ಎಂದು ಜೋಳಿಗೆಯ ಕಡೆ ಗೋಣು ತಿರುಗಿಸಿದಳು.

ಮರುದಿನ ಅವಳು ಹೊಸ್ತಿಲ ಒಳಗೆ ಕುಳಿತಳು. ಆಮೇಲೆ ಜಮಖಾನದ ಅಂಚಿನಲ್ಲಿ. ದೀಪಾವಳಿಯ ಹೊತ್ತಿಗೆ ಆ ಮೂಲೆಯಲ್ಲಿ ಕೈ ತಲೆದಿಂಬು ಮಾಡಿಕೊಂಡು ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದಳು. ಕೂಸುಗಳ ಗೊರಕೆಗಿಂತ ಅವಳ ಗೊರಕೆಯೇ ದೊಡ್ಡದು ಎಂದು ಸುದೀಪ ನನ್ನ ಹತ್ತಿರ ಹೇಳಿ ನಗುತ್ತಿದ್ದ. "ನಾಕು ಸಣ್ಣ ಕೂಸು, ಒಂದು ದೊಡ್ಡ ಕೂಸು ಮಲಗ್ಯಾವ್ರಿ ಮೇಡಂ. ಮೆಲ್ಲಕ ಬರ್ರಿ."

ಆ ಕೋಣೆಯ ಮುಂದೆ ಹಾದುಹೋಗುವಾಗ ಒಮ್ಮೆ ಒಳಗಿನಿಂದ ಜೋಗುಳ ಕೇಳಿಸಿತು. ರಾಗ ನಮ್ಮ ಕಡೆಯ ಹೆಂಗಸರು ಹಾಡುವುದೇ. ಮಾತು ಕೇಳಿ ನಾನು ಅಲ್ಲೇ ನಿಂತೆ. ಕುಟುಂಬದ ಲಕ್ಷಣಗಳು ಯಾವುವು, ಅವಿಭಕ್ತ ಕುಟುಂಬ ಎಂದರೇನು, ಅದು ಒಡೆಯಲು ಕಾರಣಗಳೇನು ಎಂದು ನಾನು ಹಿಂದಿನ ದಿನ ಬರೆಸಿದ ಟಿಪ್ಪಣಿಯನ್ನೇ ಅವನು ಜೋಳಿಗೆ ತೂಗುತ್ತ ರಾಗವಾಗಿ ಹಾಡುತ್ತಿದ್ದ. ಪ್ರತಿ ಸಾಲಿನ ಕೊನೆಗೆ ಒಂದು ಜೋಜೋ. ಬಾಯಿಪಾಠವೂ ಆಗಬೇಕು, ಕೂಸೂ ಮಲಗಬೇಕು. ನನ್ನ ಪಾಠ ಕೇಳಿ ನಿದ್ದೆ ಮಾಡುವವರು ಇವರೇ ಮೊದಲಿಗರೇನೂ ಅಲ್ಲ ಎಂದುಕೊಂಡು ಸದ್ದಿಲ್ಲದೆ ಮುಂದೆ ಹೋದೆ.

ಹಾಜರಿಯ ತೊಂದರೆ ಆ ವರ್ಷ ಬರಲಿಲ್ಲ. ಅಂಡಿಗೆ ಏರಿಸಲು ಅವನು ಹೋಗಲಿಲ್ಲ. ಆದರೆ ಹುಡುಗರ ಬಾಯಿ ಸುಮ್ಮನಿರಲಿಲ್ಲ. ಆಟದ ಬಯಲಿನಲ್ಲಿ, "ಏ ಸುದೀಪಕ್ಕಾ, ಹಾಲು ಕುಡಸಿದ್ಯೇನಬೇ?" ಎಂದು ಕೂಗುತ್ತಿದ್ದರು. ಪ್ರತಾಪ ಎಂಬ ಅವನ ಊರಿನ ಹುಡುಗನೇ ಇದರಲ್ಲಿ ಮುಂದು. ಸುದೀಪ ಕೇಳಿಸದವನಂತೆ ಹೋಗುತ್ತಿದ್ದ. ಒಂದು ಸಲ ಮಾತ್ರ ಕಣ್ಣು ಕೆಂಪಗೆ ಮಾಡಿಕೊಂಡು ತರಗತಿಗೆ ಬಂದದ್ದನ್ನು ಕಂಡೆ. ಆ ಹೆಸರು ಮೊರಬದ ಬಸ್ಸು ಹತ್ತಿ, ಅಲ್ಲಿಯ ಚಹಾದಂಗಡಿಗೂ ತಲುಪಿತು. ಹುಚ್ಚಪ್ಪನ ಕಿವಿಗೆ ಬಿದ್ದದ್ದು ಅಲ್ಲಿ.

ಹುಚ್ಚಪ್ಪ ಗೋವಾ ಬಿಟ್ಟು ಬಂದು ಊರಲ್ಲೇ ಒಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮಗ ಕಾಲೇಜಿನಲ್ಲಿ ಏನೋ ಕೆಲಸ ಮಾಡುತ್ತಾನೆಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಮರುದಿನ ಟ್ರ್ಯಾಕ್ಟರ್ ಬಿಟ್ಟು ನೇರ ಕಾಲೇಜಿಗೆ ಬಂದ. ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ದೊಡ್ಡ ಆಳು, ಬಿಸಿಲಿಗೆ ಕಪ್ಪಾದ ಮುಖ, ಸಿಟ್ಟಿನಲ್ಲಿ ಮೂಗಿನ ಹೊಳ್ಳೆ ಅರಳಿತ್ತು.

"ನನ್ನ ಮಗಾ ಎಲ್ಲದಾನ್ರಿ?"

ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನ ಉಸಿರಿನ ಸದ್ದು ಕೇಳುತ್ತಿತ್ತು. ಕೋಣೆಯ ಬಾಗಿಲಲ್ಲಿ ನಿಂತು ಅವನು ಬಾಯಿ ತೆರೆದ. ಅಷ್ಟರಲ್ಲಿ ಸುದೀಪ ತಿರುಗಿದ. ಅವನ ಹೆಗಲ ಮೇಲೆ ಶಿವಾನಿ ಆಗಷ್ಟೇ ಕಣ್ಣು ಮುಚ್ಚಿತ್ತು. ಅವನು ತುಟಿಯ ಮೇಲೆ ಬೆರಳಿಟ್ಟ.

"ಅಪ್ಪಾ, ಮೆಲ್ಲಕ. ಈಗ ಮಲಗೇತಿ."

ಹುಚ್ಚಪ್ಪ ಬೈಯದೆ ಬಿಡುವಂತಿರಲಿಲ್ಲ, ಕೂಗುವಂತೆಯೂ ಇರಲಿಲ್ಲ. ಆ ದೊಡ್ಡ ಆಳು ಪಿಸುಗುಟ್ಟುತ್ತ ಬೈಯಲು ಶುರುಮಾಡಿದ.

"ನಾಚಿಕಿ ಬರೂದಿಲ್ಲೇನಲೇ? ಊರಾಗ ನನ್ನ ಮಾರಿ ತೋರಸದಂಗ ಆತು."

"ಕೆಲಸ ಮಾಡಾಕ ಯಾತರ ನಾಚಿಕ್ಯಪಾ."

"ಎಂಥಾ ಕೆಲಸಲೇ? ನಿಮ್ಮಜ್ಜ ಗೌಡರ ಮನಿ ಸಗಣಿ ಹೊತ್ತ. ನಿಮ್ಮಜ್ಜಿ ಅವರ ಮನಿ ಬಾಣಂತಿ ಬಟ್ಟಿ ಒಗದ್ಲು. ಕೂಳಿಗೆ, ಬರೇ ಕೂಳಿಗೆ. ನೀ ಕಾಲೇಜು ಕಲ್ತು ಅವರ ಕೂಸು ಹೊರಾಕತ್ತೀ? ಇದಕ್ಕ ನಾ ಗೋವಾದಾಗ ಕಲ್ಲು ಹೊತ್ನೇನು?"

ದನಿ ಪಿಸುಮಾತಿನಲ್ಲೇ ಒಡೆಯಿತು. ನನಗೆ ಅಲ್ಲಿ ನಿಲ್ಲಬೇಕೋ ಹೋಗಬೇಕೋ ತಿಳಿಯಲಿಲ್ಲ. ಸುದೀಪ ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸದೆ, ಅಷ್ಟೇ ಮೆಲ್ಲಗೆ ಹೇಳಿದ.

"ಇದು ಯಾರ ಮನಿ ಕೆಲಸಾನೂ ಅಲ್ಲಪ್ಪಾ. ಕಾಲೇಜಿನ ಕೆಲಸ. ನಾ ಕೇಳಿ ಹಿಡದೇನಿ. ಬ್ಯಾಡನಿಸಿದ ದಿನಾ ಬಿಡ್ತೀನಿ, ಯಾರೂ ಯಾಕಂತ ಕೇಳೂದಿಲ್ಲ. ನಮ್ಮ ಓಣಿ ಹುಡುಗ್ಯಾರ ಕೂಸೂ ಇಲ್ಲೇ ಅದಾವು, ನೋಡಲ್ಲಿ. ಎಲ್ಲಾ ಒಂದ ಜಮಖಾನದ ಮ್ಯಾಲೆ ಮಲಗ್ಯಾವು."

ಮೂಲೆಯಲ್ಲಿ ಮಲಗಿದ್ದ ಮಹಾದೇವಕ್ಕ ಯಾವಾಗ ಎಚ್ಚರಗೊಂಡಿದ್ದಳೋ. ಮೆಲ್ಲಗೆ ಎದ್ದು ಕುಳಿತು, ಸೆರಗು ಸರಿಮಾಡಿಕೊಂಡಳು. ತನ್ನ ಕೈಗಳನ್ನೇ ನೋಡಿಕೊಂಡಳು. ಆಮೇಲೆ ಗೋಡೆಯ ಕಡೆ ಸರಿದು, ಜಮಖಾನದ ಮೇಲೆ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು.

"ನಿಂತ ಯಾಕ ಮಾತಾಡ್ತಿ ತಮ್ಮಾ. ಕುಂಡ್ರ ಬಾ."

ಹುಚ್ಚಪ್ಪ ಅವಳನ್ನು ನೋಡಿದ, ಅವಳ ಹಣೆಯ ವಿಭೂತಿ ನೋಡಿದ. ಕೂರಲಿಲ್ಲ. ಅಷ್ಟರಲ್ಲಿ ಜೋಳಿಗೆಯೊಂದು ಅಲುಗಾಡಿ, ಒಳಗಿನ ಕೂಸು ಕಿರುಗುಟ್ಟಿತು. ಸುದೀಪನ ಕೈ ತುಂಬಿತ್ತು.

"ಅಪ್ಪಾ, ಅದನ್ನ ಒಂದೀಟು ಎತ್ಕೋ. ಇಲ್ಲಂದ್ರ ಎಲ್ಲಾನೂ ಎಬ್ಬಸ್ತೈತಿ."

"ನಾ?"

"ಹ್ಞೂಂ. ಕುತ್ತಿಗಿ ಕೆಳಗ ಕೈ ಕೊಡು."

ಹುಚ್ಚಪ್ಪ ಬಗ್ಗಿ, ಕಾಂಕ್ರೀಟಿನ ಬುಟ್ಟಿ ಎತ್ತುವವನಂತೆ ಎರಡೂ ಕೈ ಕೊಟ್ಟು ಕೂಸನ್ನು ಎತ್ತಿದ. ಎತ್ತಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ದೂರಕ್ಕೇ ಹಿಡಿದುಕೊಂಡು ನಿಂತ. "ಎದಿಗೆ ಹಚ್ಕೋಪಾ," ಎಂದಳು ಮಹಾದೇವಕ್ಕ. ಹಚ್ಚಿಕೊಂಡ. ಕೂಸು ಅವನ ಅಂಗಿಯ ಗುಂಡಿಯನ್ನು ಹಿಡಿದುಕೊಂಡು ಅಳು ಮರೆಯಿತು. ಆಗ ಅವನು ಕುಳಿತ. ಅವಳು ಒರೆಸಿಕೊಟ್ಟ ಜಾಗದಲ್ಲೇ ಕುಳಿತ.

ಕೂಸಿನ ಮುಖ ನೋಡುತ್ತ ಕೇಳಿದ. "ನಮ್ಮ ದುರ್ಗಾ ಇಷ್ಟ ಇದ್ಲೇನು?"

"ಇದಕ್ಕಿಂತ ಸಣ್ಣಕಿ. ಅಂಗೈಯಾಗ ಹಿಡಿಸ್ತಿದ್ಲು."

"ನಾ ಬಂದಾಗ ಓಡ್ಯಾಡ್ತಿದ್ಲು. ನನ್ನ ಕಂಡು ಚೀರಿ ನಿನ್ನ ಹಿಂದ ಅಡಗಿದ್ಲು." ಹುಚ್ಚಪ್ಪ ಕೂಸಿನ ತಲೆಯ ಮೇಲೆ ಒರಟು ಬೆರಳನ್ನು ಆಡಿಸಿದ, ತಾಗಿದರೆ ಮುರಿದೀತೇನೋ ಎಂಬಷ್ಟು ಹಗುರಾಗಿ. "ನೀನೂ ಇಷ್ಟ ಇದ್ದಿ ಕಾಣ್ತೈತಿ. ನಾ ನೋಡೇ ಇಲ್ಲಲೇ."

ಸುದೀಪ ಹೆಗಲ ಮೇಲಿನ ಶಿವಾನಿಯನ್ನು ಜೋಳಿಗೆಗೆ ಹಾಕಿ, ಬಂದು ತಂದೆಯ ಪಕ್ಕದಲ್ಲಿ ಕುಳಿತ. ನಾನು ಬಾಗಿಲು ಮುಂದಕ್ಕೆಳೆದು ಬಂದುಬಿಟ್ಟೆ.

ಹುಚ್ಚಪ್ಪ ಮಗನ ಕೆಲಸ ಬಿಡಿಸಲಿಲ್ಲ. ಊರಿನ ಚಹಾದಂಗಡಿಯಲ್ಲಿ ಪ್ರತಾಪ ಮತ್ತೆ ಆ ಮಾತು ತೆಗೆದಾಗ, "ಹೌದಪಾ, ಕೂಸು ನೋಡ್ಕೋತಾನ. ನೀ ಏನ್ ನೋಡ್ಕೋತೀ?" ಎಂದು ಕೇಳಿದನಂತೆ. ಇದನ್ನು ನನಗೆ ಹೇಳಿದವನು ಪ್ರತಾಪನೇ, ನಗುತ್ತ ಹೇಳಿದ. ಮೂರನೇ ವರ್ಷದಲ್ಲಿ ಅವನೂ ಗಿಡಗಳಿಗೆ ನೀರು ಬಿಡುವ ಕೆಲಸಕ್ಕೆ ಸೇರಿದ.

ಬಿ.ಎ. ಮುಗಿಯುವವರೆಗೂ ಸುದೀಪ ಆ ಕೋಣೆ ಬಿಡಲಿಲ್ಲ. ರೋಹಿಣಿ ಅವನಿಗಿಂತ ಒಂದು ವರ್ಷ ಮೊದಲೇ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಆಗ ಮಹಾದೇವಕ್ಕ ಕಾಲೇಜಿಗೆಲ್ಲ ಪೇಢೆ ಹಂಚಿದ್ದಳು. ಅವರ ಕೊನೆಯ ದಿನ ಶಿವಾನಿ ತಪ್ಪುಹೆಜ್ಜೆ ಇಡುತ್ತ ಪಡಸಾಲೆಯ ತುಂಬ ಓಡಾಡಿತ್ತು. ಸುದೀಪನಿಗೆ ಎರಡನೇ ದರ್ಜೆ ಬಂತು. ಸಮಾಜಶಾಸ್ತ್ರದಲ್ಲಿ ಮಾತ್ರ ಒಳ್ಳೆಯ ಅಂಕ. ಕುಟುಂಬದ ಪ್ರಶ್ನೆ ಬಂದಿತ್ತಂತೆ.

ಮುಂದೇನು ಮಾಡುತ್ತಿ ಎಂದು ಕೇಳಿದಾಗ ನಾಚಿಕೊಂಡು, "ಸಣ್ಣ ಹುಡುಗರಿಗೆ ಕಲಸಬೇಕಂತ ಐತ್ರಿ, ಒಂದನೇ ಇಯತ್ತೆ ಹುಡುಗರಿಗೆ," ಎಂದ. ಗೆಳೆಯರೆಲ್ಲ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದರು. ಅವನು ಧಾರವಾಡದಲ್ಲಿ ಡಿ.ಎಡ್. ಸೇರಿದ.

ಈ ಜೂನಿನಲ್ಲಿ ಶಾಲೆಗಳು ಶುರುವಾದ ವಾರ ಅವನ ಫೋನು ಬಂತು. ಬೋಧನೆಯ ಅಭ್ಯಾಸಕ್ಕೆಂದು ಮಿಶ್ರಿಕೋಟಿಯ ಕಡೆಯ ಒಂದು ಶಾಲೆಗೆ ಹಾಕಿದ್ದರಂತೆ. ಮಾತು ಸರಿಯಾಗಿ ಕೇಳಿಸಲೇ ಇಲ್ಲ. ಹಿಂದೆ ಹಲವು ಮಕ್ಕಳು ಒಟ್ಟಿಗೇ ಗೋಳಾಡುತ್ತಿದ್ದವು.

"ಏನಪಾ ಅದು ಗದ್ದಲ?"

"ಹೊಸಾ ಹುಡುಗ್ರು ರಿ ಮೇಡಂ. ಅವ್ವ ಬೇಕು ಅಂತ ಎಲ್ಲಾ ಒಂದ ಸಲ ಸುರು ಮಾಡ್ಯಾವು. ದೊಡ್ಡ ಸರ್ ಹೊರಗ ಹೋಗಿ ಕುಂತಾರ." ಅವನ ದನಿಯಲ್ಲಿ ನಗು ತುಂಬಿತ್ತು. "ನಿಮಗ ಹೇಳೂಣು ಅಂತ ಮಾಡಿದ್ನಿರಿ, ನಾ ಇಲ್ಲಿ ಬಂದೇನಿ ಅಂತ... ಏ ಬಾ ಇಲ್ಲಿ, ಮಳ್ಯಾಗ ಹೋಗಬ್ಯಾಡ... ಇಡ್ತೀನ್ರಿ ಮೇಡಂ, ಒಂದು ಓಡಿ ಹೊಂಟೈತಿ."